ಏಳನೇ ಪ್ಲಗ್, ಐದನೇ ಪ್ಲಗ್: ನಮ್ಮ ಸಿಲ್ವರಾಡೊ ಟ್ರಕ್ಕಿನ ರಿಪೇರಿ ದಿನಚರಿ

ಎಂಟು ಸ್ಪಾರ್ಕ್ ಪ್ಲಗ್‌ಗಳಲ್ಲಿ ಆರನ್ನು ಎರಡೂವರೆ ಗಂಟೆಯಲ್ಲಿ ಬದಲಿಸಿದೆ. ಏಳನೆಯದಕ್ಕೆ ಒಂದು ರಾತ್ರಿ ಕಾಯಬೇಕಾಯಿತು. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಐದನೆಯದು ಮತ್ತೆ ಬಿಚ್ಚಿಸಿತು, ಅದು ಪೂರ್ತಿ ನನ್ನ ಕೈತಪ್ಪು. ಏನೇನು ಮಾಡಿದೆ, ಎಲ್ಲಿ ಎಡವಿದೆ ಅನ್ನುವುದನ್ನು ತಾರೀಖಿನ ಪ್ರಕಾರ ಬರೆದಿಡುತ್ತಿದ್ದೇನೆ.

ಗಾಡಿ 2004ರ ಶೆವ್ರೊಲೆ ಸಿಲ್ವರಾಡೊ 1500. ಎಂಜಿನ್ 5.3 ಲೀಟರ್, ವಿ8, ಪೆಟ್ರೋಲ್. ಓಡಿರುವುದು 1,62,000 ಮೈಲಿ, ಅಂದರೆ ಸುಮಾರು 2,60,000 ಕಿಲೋಮೀಟರ್. ನಾವಿರುವುದು ಒಹಾಯೋದ ಕೊಲಂಬಸ್ ಪಕ್ಕ. ಸೌದೆ, ಗೊಬ್ಬರ, ಕನ್ನಡ ಕೂಟದ ಕಾರ್ಯಕ್ರಮಕ್ಕೆ ಬೇಕಾದ ಮೇಜು ಕುರ್ಚಿ ಎಲ್ಲ ಹೋಗುವುದು ಇದರಲ್ಲೇ.

ಸೆಪ್ಟೆಂಬರ್ 28, 2024, ಶನಿವಾರ

ಹಾಕಿಂಗ್ ಹಿಲ್ಸ್ ಕಡೆಯಿಂದ ಸೌದೆ ತುಂಬಿಕೊಂಡು ಬರುತ್ತಿದ್ದೆವು. ಏರಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯಲು, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಿಕೊಳ್ಳದೆ ಮುಗ್ಗರಿಸಲು, ಶುರುವಾಯಿತು. ಸ್ಟೀರಿಂಗ್ ನಡುಗಿತು, ಎಂಜಿನ್ ದೀಪ ಮಿಟುಕಿತು. ಆ ದೀಪ ಸುಮ್ಮನೆ ಉರಿಯುತ್ತಿದ್ದರೆ ಮನೆಗೆ ಹೋಗಿ ನೋಡೋಣ ಅನ್ನಬಹುದು. ಮಿಟುಕಿದರೆ ಹಾಗಲ್ಲ. ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಅಂತ ಅರ್ಥ. ಆಕ್ಸಿಲರೇಟರ್ ಮೇಲಿನ ಕಾಲು ಹಗುರ ಮಾಡಿದಾಗ ಮಿಟುಕುವುದು ನಿಂತಿತು. ಹಾಗೇ ನಿಧಾನವಾಗಿ ಮನೆ ಸೇರಿದೆವು.

ಕೋಡ್ ಓದುವ ಸಣ್ಣ ಯಂತ್ರ ಮನೆಯಲ್ಲೇ ಇತ್ತು. ಅದು ಎರಡು ಕೋಡ್ ತೋರಿಸಿತು: ಪಿ0300 ಮತ್ತು ಪಿ0307. ಮೊದಲನೆಯದು 'ಎಲ್ಲೆಲ್ಲೋ ಮಿಸ್‌ಫೈರ್', ಎರಡನೆಯದು 'ಏಳನೇ ಸಿಲಿಂಡರಿನಲ್ಲಿ ಮಿಸ್‌ಫೈರ್'. ಈ ಎಂಜಿನ್ನಿನಲ್ಲಿ ಡ್ರೈವರ್ ಕಡೆ, ಅಂದರೆ ಇಲ್ಲಿ ಎಡಗಡೆ, ಮುಂದಿನಿಂದ ಹಿಂದಕ್ಕೆ 1, 3, 5, 7. ಆಚೆ ಕಡೆ 2, 4, 6, 8. ಏಳು ಅಂದರೆ ಎಡಗಡೆ ಕಟ್ಟಕಡೆಯದು, ಬ್ರೇಕ್ ಬೂಸ್ಟರಿನ ಕೆಳಗೆ ಅವಿತುಕೊಂಡಿರುವುದು.

ಕಂಪನಿಯ ಕೈಪಿಡಿ 1,00,000 ಮೈಲಿಗೆ ಪ್ಲಗ್ ಬದಲಿಸಿ ಅನ್ನುತ್ತದೆ. ಹಿಂದಿನ ಮಾಲೀಕರು ಬದಲಿಸಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಹತ್ತಿರದ ಗ್ಯಾರೇಜಿನಲ್ಲಿ ಪ್ಲಗ್, ವೈರು, ಕೂಲಿ ಸೇರಿ 430 ಡಾಲರ್ ಅಂದರು. ನಾನೇ ಮಾಡುತ್ತೇನೆ ಅಂತ ತೀರ್ಮಾನ ಮಾಡಿದೆ.

ಅರಸೀಕೆರೆಯಿಂದ ಬಂದಿದ್ದ ಅಪ್ಪನಿಗೆ ಇದು ಕೇಳಿ ಖುಷಿಯಾಯಿತು. ತೆಂಗಿನ ತೋಟಕ್ಕೆ ಟಿವಿಎಸ್ ಮೊಪೆಡ್ಡಿನಲ್ಲಿ ಓಡಾಡಿದವರು ಅವರು. ಎರಡು ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಪ್ಲಗ್ ಮಸಿ ಹಿಡಿಯುವುದು ದಿನದ ಮಾತು. ಪ್ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಊದಿ, ಮತ್ತೆ ಹಾಕಿ ಪೆಡಲ್ ತುಳಿಯುವುದನ್ನು ನಾನು ಚಿಕ್ಕವಳಾಗಿದ್ದಾಗ ಎಷ್ಟು ಸಲ ನೋಡಿದ್ದೇನೋ. "ಇಷ್ಟು ದೊಡ್ಡ ಗಾಡಿಗೂ ಪ್ಲಗ್ ಇರ್ತದಾ?" ಅಂತ ಕೇಳಿದರು. ನಮ್ಮ ಕಡೆ ಪಿಕಪ್ ಅಂದರೆ ಹೆಚ್ಚಾಗಿ ಡೀಸೆಲ್. ಅದರಲ್ಲಿ ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ, ಕಿಡಿ ಬೇಡ. ಹಾಗಾಗಿ ಅವರ ಪ್ರಶ್ನೆ ಸರಿಯಾಗಿಯೇ ಇತ್ತು.

ತಂದ ಸಾಮಾನು

ಪ್ಲಗ್ ಎಸಿಡೆಲ್ಕೊ 41-110, ಇರಿಡಿಯಂ, ಎಂಟು: ಒಂದಕ್ಕೆ 7.49ರಂತೆ 59.92 ಡಾಲರ್. ಪ್ಲಗ್ ವೈರಿನ ಸೆಟ್ 54. ತಲೆ ಬಾಗುವ 5/8 ಇಂಚಿನ ಪ್ಲಗ್ ಸಾಕೆಟ್ 16. ವೈರಿನ ರಬ್ಬರ್ ಟೋಪಿ ಎಳೆಯುವ ಇಕ್ಕಳ 13. ಡೈಎಲೆಕ್ಟ್ರಿಕ್ ಗ್ರೀಸ್ ಪೊಟ್ಟಣ 3. ಹೊಂದಿಸಿಟ್ಟಷ್ಟು ಬಿಗಿಯಾದ ಕೂಡಲೇ 'ಟಕ್' ಅನ್ನುವ ಇಂಚು-ಪೌಂಡಿನ ಟಾರ್ಕ್ ರೆಂಚನ್ನು ಬಿಡಿಭಾಗದ ಅಂಗಡಿಯಲ್ಲಿ ಠೇವಣಿ ಕಟ್ಟಿಸಿಕೊಂಡು ಕೊಟ್ಟರು, ವಾಪಸ್ ಕೊಟ್ಟಾಗ ದುಡ್ಡೂ ವಾಪಸ್ ಬಂತು.

ಆ ರೆಂಚು ಯಾಕೆ ಅಂದರೆ, ಈ ಪ್ಲಗ್ ಬಿಗಿಯಬೇಕಾದ್ದು ಬರೀ 11 ಅಡಿ-ಪೌಂಡ್, ಅಂದರೆ 15 ನ್ಯೂಟನ್ ಮೀಟರ್. ನಮ್ಮ ಮನೆಯ ರೆಂಚು ಚಕ್ರದ ನಟ್ಟಿಗೆ ಸರಿ, ಇಷ್ಟು ಕಡಿಮೆಯಲ್ಲಿ ನಂಬುವ ಹಾಗಿಲ್ಲ. 11 ಅಡಿ-ಪೌಂಡ್ ಅಂದರೆ 132 ಇಂಚು-ಪೌಂಡ್. ಅಲ್ಲಿಗೆ ಹೊಂದಿಸಿಟ್ಟೆ.

ಅಕ್ಟೋಬರ್ 5, ಶನಿವಾರ, ಬೆಳಿಗ್ಗೆ 8.30

ಹಿಂದಿನ ಸಂಜೆಯಿಂದ ಗಾಡಿ ಮುಟ್ಟಿರಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಯಾಕೆಂದರೆ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿಯಿರುವಾಗ ತಿರುಗಿಸಿದರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಬರಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಈ ಗಾಡಿಯ ಬ್ಯಾಟರಿಗೆ ಟರ್ಮಿನಲ್ ಪಕ್ಕದಲ್ಲಿದೆ, 8 ಮಿ.ಮೀ. ಪಾನಾ ಸಾಕು.

ಈ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲ್, ಅಂದರೆ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ, ಇದೆ. ಕಾಯಿಲಿನಿಂದ ಪ್ಲಗ್ಗಿಗೆ ಗೇಣುದ್ದದ ವೈರು. ಎಂಟೂ ಒಂದೇ ಅಳತೆ, ಅದಲುಬದಲಾಗುವ ಭಯವಿಲ್ಲ. ಆದರೂ ಒಂದು ಮುಗಿಸಿಯೇ ಇನ್ನೊಂದಕ್ಕೆ ಹೋದೆ, ಬಾಯಿ ತೆರೆದ ಸಿಲಿಂಡರಿನೊಳಗೆ ಏನಾದರೂ ಬಿದ್ದರೆ ಕಷ್ಟ.

1ನೇ ಪ್ಲಗ್ಗಿನ ರಬ್ಬರ್ ಟೋಪಿಯನ್ನು ಇಕ್ಕಳದಲ್ಲಿ ಹಿಡಿದು ಅರ್ಧ ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸಿ ಎಳೆದೆ. ಬಂತು. ಸಾಕೆಟ್ ಹಾಕಲು ಹೋದವಳನ್ನು ಅಪ್ಪ ತಡೆದರು. "ಧೂಳು ನೋಡವ್ವ, ಮೊದ್ಲು ಊದು." ಪ್ಲಗ್ಗಿನ ಸುತ್ತ ಮರಳು, ತುಕ್ಕಿನ ಹೊಟ್ಟು ಕೂತಿತ್ತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಗಾಡಿಯ ಕೆಳಗೆಲ್ಲ ತುಕ್ಕು. ಸೈಕಲ್ ಪಂಪಿಗೆ ಒಂದು ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ನಾನು ಪೈಪಿನ ತುದಿ ಹಿಡಿದರೆ ಅಪ್ಪ ಪಂಪು ಒತ್ತಿದರು. ಎಂಟಕ್ಕೂ ಹೀಗೇ ಮಾಡಿದೆವು. ಅಪ್ಪ ಹೇಳದಿದ್ದರೆ ನಾನು ಆ ಮರಳನ್ನೆಲ್ಲ ಪಿಸ್ಟನ್ ಮೇಲೆ ಬೀಳಿಸುತ್ತಿದ್ದೆ.

ಹೊಸ ಪ್ಲಗ್ಗುಗಳ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ನೋಡಿದೆ. 0.040 ಇಂಚು, ಹೆಚ್ಚುಕಡಿಮೆ 1 ಮಿಲಿಮೀಟರ್ ಇರಬೇಕು. ಏಳು ಸರಿಯಿದ್ದವು, ಒಂದು ಬಿಗಿಯಿತ್ತು. ಹೊರಗಿನ ಕೊಕ್ಕೆಯನ್ನಷ್ಟೇ ಕೂದಲೆಳೆಯಷ್ಟು ಎತ್ತಿದೆ. ನಡುವಿನ ಇರಿಡಿಯಂ ಮೊನೆ ಸೂಜಿಯಷ್ಟು ಸಣ್ಣದು, ಅದರ ಮೇಲೆ ಭಾರ ಹಾಕಿ ಮೀಟಬಾರದು. ಅಪ್ಪ ಎಮರಿ ಪೇಪರ್ ಕೇಳಿದರು. ಇದನ್ನು ಉಜ್ಜಲೇಬಾರದು ಅಂದಾಗ ಅವರಿಗೆ ನಂಬಿಕೆ ಬರಲಿಲ್ಲ.

ಹೊಸದನ್ನು ಕೂರಿಸಲು ಗೇಣುದ್ದ ರಬ್ಬರ್ ಪೈಪು ಬಳಸಿದೆ. ಪ್ಲಗ್ಗಿನ ತಲೆಗೆ ಪೈಪು ಸಿಕ್ಕಿಸಿ, ತೂತಿನಲ್ಲಿಟ್ಟು, ಬೆರಳಲ್ಲೇ ಪೈಪು ತಿರುಗಿಸುವುದು. ಥ್ರೆಡ್ ಓರೆಯಾಗಿ ಕಚ್ಚಿದರೆ ಪೈಪು ಜಾರುತ್ತದೆ, ಬಲ ಬೀಳುವುದೇ ಇಲ್ಲ. ಪೂರ್ತಿ ಕೂರುವವರೆಗೆ ಪಾನಾ ಮುಟ್ಟಲಿಲ್ಲ.

ಬಿಗಿಯುವಾಗ ಅಪ್ಪನಿಗೂ ನನಗೂ ಸಣ್ಣ ವಾದವಾಯಿತು. ಕೈಯಲ್ಲಿ ಕೂತ ಮೇಲೆ ನಾನು ಪಾನಾದಲ್ಲಿ ಕೊಟ್ಟದ್ದು ಸುತ್ತಿನ ಹದಿನಾರನೇ ಒಂದು ಭಾಗದಷ್ಟು, ರೆಂಚು 'ಟಕ್' ಅಂತು, ನಿಲ್ಲಿಸಿದೆ. "ಸಾಲ್ದು. ಇನ್ನೊಂದರ್ಧ ಸುತ್ತು ಕೊಡವ್ವ, ಗ್ಯಾಸ್ ಬಿಟ್ಕಂಡ್ರೆ?" ಅಂದರು. ಅವರ ಲೆಕ್ಕ ತಪ್ಪಲ್ಲ. ಮೊಪೆಡ್ಡಿನ ಪ್ಲಗ್ಗಿಗೆ ಕೆಳಗೊಂದು ವಾಷರ್ ಇರುತ್ತದೆ, ಹೊಸದಾದರೆ ಅದು ಚಪ್ಪಟೆಯಾಗಲು ಅರ್ಧ ಸುತ್ತು ಬೇಕು. ಈ ಪ್ಲಗ್ಗಿಗೆ ವಾಷರ್ ಇಲ್ಲ. ಬುಡವೇ ಬಾಟಲಿ ಬಿರಡೆಯ ಹಾಗೆ ಇಳಿಜಾರಾಗಿದ್ದು, ಹೆಡ್ಡಿನ ಇಳಿಜಾರಿನಲ್ಲಿ ಹೋಗಿ ಕೂರುತ್ತದೆ. ಅರ್ಧ ಸುತ್ತು ಕೊಟ್ಟರೆ ಥ್ರೆಡ್ ಹೋಗುತ್ತದೆ. ಎರಡನ್ನೂ ಅಕ್ಕಪಕ್ಕ ಹಿಡಿಯಲು ಲಾನ್ ಮೂವರಿನ ಪ್ಲಗ್ ಬಿಚ್ಚಿ ತಂದು ತೋರಿಸಿದೆ. ಅದರ ವಾಷರನ್ನು ಬೆರಳಲ್ಲಿ ತಿರುಗಿಸುತ್ತಾ ತುಂಬಾ ಹೊತ್ತು ನೋಡಿದರು. ಆಮೇಲೆ ಒಪ್ಪಿದರು.

1ನೇ ಪ್ಲಗ್ಗಿನ ಥ್ರೆಡ್ಡಿಗೆ ಅದು ಕಚ್ಚಿಕೊಳ್ಳದಿರಲಿ ಅಂತ ಬಳಸುವ ಪೇಸ್ಟ್ ಹಚ್ಚಿದ್ದೆ. ಲೇಪವಿರುವ ಪ್ಲಗ್ಗಿಗೆ ಅದು ಬೇಡ, ಹಚ್ಚಿದರೆ ಜಾರಿ ಅದೇ 132ರಲ್ಲೂ ಹೆಚ್ಚು ಬಿಗಿಯಾಗುತ್ತದೆ ಅಂತ ನೆನಪಾಗಿ, ಬಿಚ್ಚಿ ಒರೆಸಿ ಮತ್ತೆ ಹಾಕಿದೆ. ವೈರಿನ ಟೋಪಿಯೊಳಗೆ ಮಾತ್ರ ಡೈಎಲೆಕ್ಟ್ರಿಕ್ ಗ್ರೀಸ್, ಮುಂದಿನ ಸಲ ಅಂಟಿಕೊಳ್ಳದಿರಲಿ ಅಂತ.

1, 3, 5, ಆಮೇಲೆ ಆಚೆ ಕಡೆ 2, 4, 6. ಮೂರನೆಯದರ ಹಳೇ ರಬ್ಬರ್ ಟೋಪಿ ಹರಿದು ತುಂಡು ಪ್ಲಗ್ಗಿನ ಮೇಲೇ ಉಳಿಯಿತು, ನೋಸ್ ಪ್ಲೇಯರಿನಲ್ಲಿ ಚೂರು ಚೂರಾಗಿ ತೆಗೆದೆ. ಐದನೆಯದು ಸ್ಟೀರಿಂಗ್ ಶಾಫ್ಟಿಗೆ ಹತ್ತಿರ. ರೆಂಚನ್ನು ಸ್ವಲ್ಪ ಓರೆ ಹಿಡಿದು ಬಿಗಿದೆ, 'ಟಿಕ್' ಅಂತು, ನಿಲ್ಲಿಸಿದೆ. ಇದನ್ನು ನೆನಪಿಟ್ಟುಕೊಳ್ಳಿ. 11 ಗಂಟೆಗೆ ಆರು ಮುಗಿದಿತ್ತು.

ಅದೇ ದಿನ, 11ರಿಂದ 3

ಏಳನೆಯದು. ಮೇಲಿಂದ ನೋಡಿದರೆ ಪ್ಲಗ್ ಕಾಣುವುದೇ ಇಲ್ಲ. ಮೇಲೆ ಬ್ರೇಕ್ ಬೂಸ್ಟರ್, ಪಕ್ಕದಲ್ಲಿ ಸ್ಟೀರಿಂಗ್ ಶಾಫ್ಟ್, ಹಿಂದೆ ಕ್ಯಾಬಿನ್ನಿನ ಗೋಡೆ. ನನ್ನ ಗಂಡನ ಕೈ ಮುಂಗೈವರೆಗೂ ಹೋಗಲಿಲ್ಲ. ನನ್ನದು ಹೋಯಿತು. ಟೋಪಿ ತೆಗೆದೆ, ಬಾಗುವ ಸಾಕೆಟ್ಟಿಗೆ 3 ಇಂಚಿನ ಎಕ್ಸ್‌ಟೆನ್ಷನ್ ಹಾಕಿ ಒಳಗೆ ಇಳಿಸಿದೆ. ತಿರುಗಿಸಿದರೆ ಅಲುಗಲಿಲ್ಲ. ಹೊರಗೆ ಎಳೆದಾಗ ಎಕ್ಸ್‌ಟೆನ್ಷನ್ ಮಾತ್ರ ಬಂತು, ಸಾಕೆಟ್ ಒಳಗಿನ ರಬ್ಬರು ಪ್ಲಗ್ಗನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ನಿಂತಿತು. ಅದನ್ನು ಹೊರಗೆ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ನಿಗೂ ಸೇರುವ ಜಾಗಕ್ಕೆ ನಾಲ್ಕು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿಕೊಂಡಿದ್ದರೆ ಇದು ಆಗುತ್ತಿರಲಿಲ್ಲ. ಮುಂದಿನ ಎರಡಕ್ಕೂ ಸುತ್ತಿದೆ.

ಮೇಲಿಂದ ಆಗದು ಅಂತ ಖಚಿತವಾದ ಮೇಲೆ ಎಡಗಡೆಯ ಮುಂದಿನ ಚಕ್ರ ಬಿಚ್ಚಿದೆವು. 22 ಮಿ.ಮೀ. ನಟ್ಟು, ಆರು. ಜಾಕಿಯಲ್ಲಿ ಎತ್ತಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಅಲುಗಿಸಿ ನೋಡಿದ ಮೇಲೆಯೇ ಕೈ ಒಳಗೆ ಹಾಕಿದ್ದು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಹತ್ತಿರ ಯಾರೂ ಹೋಗಬೇಡಿ. ಚಕ್ರದ ಗೂಡಿನಲ್ಲಿ ಒಂದು ರಬ್ಬರ್ ಪರದೆ ಇದೆ, ಅದನ್ನು ಪಕ್ಕಕ್ಕೆ ಸರಿಸಿದರೆ ಏಳನೇ ಪ್ಲಗ್ ನೇರವಾಗಿ ಕಾಣುತ್ತದೆ! ಬೆಳಿಗ್ಗೆಯೇ ಇದನ್ನು ಮಾಡಬೇಕಿತ್ತು.

10 ಇಂಚಿನ ಎಕ್ಸ್‌ಟೆನ್ಷನ್ ಹಾಕಿ ತಿರುಗಿಸಿದೆ. ಬಿಗಿ. ಸ್ವಲ್ಪ ಜಾಸ್ತಿ ಬಲ ಹಾಕಿದಾಗ ಕೀರಲು ಸದ್ದು ಬಂತು, ಕಾಲು ಸುತ್ತು ತಿರುಗಿ ಮತ್ತೆ ನಿಂತಿತು. ಗಂಡ ಉದ್ದದ ಪೈಪು ತರುತ್ತೇನೆ ಅಂದರು. ನಾನು ಬೇಡ ಅಂದೆ. ಇಲ್ಲಿ ಗೆದ್ದರೂ ಸೋಲೇ: ಪ್ಲಗ್ಗಿನ ಜೊತೆ ಥ್ರೆಡ್ ಬಂದರೆ ಹೆಡ್ಡಿಗೆ ಹೊಸ ಥ್ರೆಡ್ ಕೂರಿಸಬೇಕು, ಅದು ನನ್ನ ಕೈಲಾಗುವ ಕೆಲಸವಲ್ಲ. ತಿರುಗಿಸಿದ ಕಾಲು ಸುತ್ತನ್ನು ವಾಪಸ್ ಬಿಗಿದು, ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಕೈ ತೊಳೆದು ಊಟಕ್ಕೆ ಕೂತೆ.

ಅಕ್ಟೋಬರ್ 6, ಭಾನುವಾರ

ಬೆಳಿಗ್ಗೆ ಇನ್ನೊಮ್ಮೆ ಎಣ್ಣೆ ಸಿಂಪಡಿಸಿದೆ. ಕಾಲು ಸುತ್ತು ಬಿಚ್ಚುವುದು, ಅಷ್ಟೇ ಬಿಗಿಯುವುದು, ಮತ್ತೆ ಸ್ವಲ್ಪ ಹೆಚ್ಚು ಬಿಚ್ಚುವುದು. ಹಳೇ ಮಸಿ ಪುಡಿಯಾಗಿ ದಾರಿ ಬಿಡುವವರೆಗೆ ಹೀಗೇ. ಹತ್ತು ನಿಮಿಷದ ನಂತರ ಕೀರಲು ನಿಂತಿತು, ಪ್ಲಗ್ ಸಲೀಸಾಗಿ ಬಂತು. ಥ್ರೆಡ್ಡಿಗೆ ಅಲ್ಯೂಮಿನಿಯಂ ಅಂಟಿದೆಯಾ ಅಂತ ಮೊದಲು ನೋಡಿದೆ. ಇರಲಿಲ್ಲ.

ಅಲ್ಲಿಯವರೆಗೆ ತೆಗೆದ ಹಳೆಯ ಏಳನ್ನೂ ಅಪ್ಪ ಹಳೇ ಪತ್ರಿಕೆಯ ಮೇಲೆ ನಂಬರ್ ಬರೆದು ಸಾಲಾಗಿ ಇಟ್ಟಿದ್ದರು. ಆರು ತಿಳಿ ಕಂದು, ಒಳ್ಳೆಯ ಬಣ್ಣ, ಗ್ಯಾಪ್ ಮಾತ್ರ ಸವೆದು 0.050 ದಾಟಿತ್ತು. ಏಳನೆಯದರ ಗ್ಯಾಪ್ 0.065. ಅದರ ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ ಪೆನ್ಸಿಲ್ಲಿನಲ್ಲಿ ಗೀಚಿದಂತೆ ಕಪ್ಪು ಗೆರೆ. ಅದರ ರಬ್ಬರ್ ಟೋಪಿಯ ಒಳಗೂ ಅದೇ ಜಾಗದಲ್ಲಿ ಬಿರುಕು. ಗ್ಯಾಪ್ ದೊಡ್ಡದಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಾದಾಗ ಇನ್ನೂ ಕಷ್ಟ. ಆಗ ಅದು ಗ್ಯಾಪ್ ಬಿಟ್ಟು, ಪಿಂಗಾಣಿಯ ಹೊರಮೈ ಮೇಲೆ ಹರಿದು ಲೋಹಕ್ಕೆ ಇಳಿದುಬಿಡುತ್ತದೆ. ಪಿ0307 ಬಂದದ್ದು ಇದರಿಂದ. ಕೆಲವು ಪ್ಲಗ್ಗುಗಳಲ್ಲಿ ಪಿಂಗಾಣಿಯ ಬುಡದ ಸುತ್ತ ಕಂದು ಬಳೆ ಇರುತ್ತದೆ, ಅದು ಬರೀ ಕಲೆ, ಅದಕ್ಕೆ ಹೆದರಬೇಕಿಲ್ಲ. ಉದ್ದುದ್ದ ಕಪ್ಪು ಗೆರೆ ಬೇರೆ.

ಎಂಟನೆಯದಕ್ಕೆ ಹೀಟರಿನ ಪೈಪುಗಳು, ಗೇರ್‌ಬಾಕ್ಸ್ ಆಯಿಲಿನ ಕಡ್ಡಿಯ ಕೊಳವೆ ಅಡ್ಡ. ಫೆಂಡರ್ ಮೇಲೆ ಕಂಬಳಿ ಹಾಸಿ ಮಲಗಿ, ಕೈಯ ಅಂದಾಜಿನಲ್ಲೇ ಮುಗಿಸಿದೆ, ಅರ್ಧ ಗಂಟೆ. ಏಳು ಮತ್ತು ಎಂಟಕ್ಕೆ ಟಾರ್ಕ್ ರೆಂಚು ಹಿಡಿಸಲಿಲ್ಲ, ಕೂತ ಮೇಲೆ ಹದಿನಾರನೇ ಒಂದು ಸುತ್ತು, ಅಷ್ಟೇ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ 140 ಅಡಿ-ಪೌಂಡಿಗೆ ಬಿಗಿದೆ.

ಸಂಜೆ ಕೀ ತಿರುಗಿಸಿದೆ. ಎಂಜಿನ್ ಹೊತ್ತಿಕೊಂಡಿತು. ಆದರೆ ನಡುಕ ಹೋಗಿರಲಿಲ್ಲ! ಕೋಡ್ ಓದಿದರೆ ಪಿ0305. ಮೊನ್ನೆ ಏಳು, ಈಗ ಐದು. ನಿಜವಾಗಿ ಅಳು ಬಂದಿತ್ತು.

ಐದರ ಹೊಸ ವೈರನ್ನು ಮೂರಕ್ಕೆ, ಮೂರರದ್ದನ್ನು ಐದಕ್ಕೆ ಹಾಕಿದೆ. ಕೋಡ್ ಅಳಿಸಿ ಮತ್ತೆ ಚಾಲೂ ಮಾಡಿದೆ. ಐದೇ. ಹಾಗಾದರೆ ವೈರು ಅಲ್ಲ. ಕಾಯಿಲ್ ಹೋಯಿತೇನೋ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಅಪ್ಪ ಬೆಳಕು ಆರಿಸಲು ಹೇಳಿದರು. "ಕತ್ಲಲ್ಲಿ ನೋಡವ್ವ, ಕಿಡಿ ಎಲ್ಲೋಯ್ತದೆ ಅಂತ ಅದೇ ತೋರುಸ್ತದೆ." ಗ್ಯಾರೇಜಿನ ಬಾಗಿಲು ತೆರೆದಿಟ್ಟು, ದೀಪ ಆರಿಸಿ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆವು. ಐದರ ಟೋಪಿಯ ಕೆಳಗೆ ಟಿಕ್ ಟಿಕ್ ಸದ್ದು, ಜೊತೆಗೆ ನೀಲಿ ಕಿಡಿ ಒಂದೇ ಸಮ ಹೊರಗೆ ಹಾರುತ್ತಿತ್ತು. ಅಲ್ಲಿಗೆ ಕೈ ಹಾಕಿದರೆ ಜೋರು ಶಾಕ್ ಹೊಡೆಯುತ್ತದೆ, ದೂರದಿಂದಲೇ ನೋಡಬೇಕು.

ಅಕ್ಟೋಬರ್ 10, ಗುರುವಾರ, ಸಂಜೆ

ಆಫೀಸಿನಿಂದ ಬಂದು ಐದನೆಯದನ್ನು ಬಿಚ್ಚಿದೆ. ಸಾಕೆಟ್ ಹಾಕಿದ ಕೂಡಲೇ ತಿಳಿಯಿತು, ಉಳಿದವುಗಳಷ್ಟು ಬಿಗಿಯೇ ಇರಲಿಲ್ಲ. ಪಿಂಗಾಣಿಯನ್ನು ಟಾರ್ಚಿಗೆ ಹಿಡಿದರೆ ಷಟ್ಕೋನದ ಮೇಲೆ ಕೂದಲಿನಂಥ ಬಿರುಕು, ಅದರಲ್ಲಿ ಆಗಲೇ ಮಸಿ.

ಶನಿವಾರ ನಾನು ಕೇಳಿದ ಆ 'ಟಿಕ್' ರೆಂಚಿನದ್ದಲ್ಲ, ಪಿಂಗಾಣಿ ಸೀಳಿದ ಸದ್ದು. ಶಾಫ್ಟಿಗೆ ತಾಗದಿರಲಿ ಅಂತ ರೆಂಚನ್ನು ಓರೆ ಹಿಡಿದಿದ್ದೆ, ಸಾಕೆಟ್ಟಿನ ಗೋಡೆ ಪಿಂಗಾಣಿಯನ್ನು ಪಕ್ಕಕ್ಕೆ ಒತ್ತಿತು. ರೆಂಚಿನ 'ಟಕ್' ಕೈಗೆ ತಗಲುತ್ತದೆ, ಹಿಡಿ ಒಮ್ಮೆ ಸಡಿಲವಾದ ಹಾಗೆ ಆಗುತ್ತದೆ. ಅವತ್ತು ಕಿವಿಗೆ ಮಾತ್ರ ಕೇಳಿತ್ತು, ಕೈಗೆ ತಗಲಿರಲಿಲ್ಲ. ಅನುಮಾನ ಬಂದ ಕ್ಷಣದಲ್ಲೇ ಬಿಚ್ಚಿ ನೋಡಬೇಕಿತ್ತು, ಐದು ನಿಮಿಷದ ಕೆಲಸ. ಆರು ಬೇಗ ಮುಗಿಸುವ ಹುಮ್ಮಸ್ಸಿನಲ್ಲಿ ಮುಂದೆ ಹೋದೆ.

ಒಂಬತ್ತನೇ ಪ್ಲಗ್ ಬಿಡಿಯಾಗಿ 9 ಡಾಲರ್. ಈ ಸಲ 6 ಇಂಚಿನ ಎಕ್ಸ್‌ಟೆನ್ಷನ್ ಹಾಕಿ ರೆಂಚನ್ನು ಶಾಫ್ಟಿನಿಂದ ಈಚೆಗೆ ತಂದುಕೊಂಡೆ. ಎಡಗೈಯಲ್ಲಿ ಎಕ್ಸ್‌ಟೆನ್ಷನ್ನಿನ ತಲೆ ಹಿಡಿದು ನೇರವಾಗಿಟ್ಟು ಬಲಗೈಯಲ್ಲಿ ತಿರುಗಿಸಿದೆ. 'ಟಕ್' ಕೈಗೇ ತಗಲಿತು. ಚಾಲೂ ಮಾಡಿದಾಗ ಸ್ಟೀರಿಂಗ್ ಮೇಲಿಟ್ಟ ಕೈಗೆ ಎಂಜಿನ್ ಓಡುತ್ತಿರುವುದೇ ತಿಳಿಯಲಿಲ್ಲ. ಅಪ್ಪ ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡು ಎರಡು ನಿಮಿಷ ಹಾಗೇ ನಿಂತಿದ್ದರು.

ಒಟ್ಟು ಖರ್ಚು 154.92 ಡಾಲರ್. ಸಮಯ ಮೂರು ದಿನದಲ್ಲಿ ಹತ್ತು ಗಂಟೆ.

ಅಕ್ಟೋಬರ್ 11, ಶುಕ್ರವಾರ

ಆಯುಧ ಪೂಜೆ. ಟ್ರಕ್ಕು ತೊಳೆದು, ಹಿತ್ತಲಿನ ಚೆಂಡುಹೂವು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಬೂದುಗುಂಬಳ ಒಡೆದದ್ದು ಅಪ್ಪ. ಪಾನಾ, ಸಾಕೆಟ್, ಸೈಕಲ್ ಪಂಪು ಎಲ್ಲಕ್ಕೂ ಕುಂಕುಮ ಹಚ್ಚಿದರು. ಟಾರ್ಕ್ ರೆಂಚು ಅಂಗಡಿಯದ್ದು, ವಾಪಸ್ ಕೊಡಬೇಕು ಅಂದೆ. ಕೆಲಸ ಮಾಡಿದೆ ತಾನೇ ಅಂತ ಅದಕ್ಕೂ ಹಚ್ಚಿದರು, ಮರುದಿನ ಒರೆಸಿ ಕೊಟ್ಟೆ.

ಅಕ್ಟೋಬರ್ 19, ಶನಿವಾರ

ಸೌದೆ ತುಂಬಿಕೊಂಡು ಅದೇ ಏರು ಹತ್ತಿ ಬಂದೆವು. ಮಿಸ್ಸಿಂಗ್ ಇಲ್ಲ, ಕೋಡ್ ಇಲ್ಲ. ಎರಡು ಕೆಲಸ ಬಾಕಿ. ಎಂಟನೇ ವೈರಿನ ತಗಡಿನ ಶಾಖ ತಡೆ ತುಕ್ಕು ಹಿಡಿದು ಪುಡಿಯಾಗಿತ್ತು, ಅದಿಲ್ಲದೆಯೇ ಹಾಕಿದ್ದೇನೆ. ಪಕ್ಕದಲ್ಲೇ ಎಕ್ಸಾಸ್ಟ್ ಇದೆ, ರಬ್ಬರು ಸುಡುವ ಮೊದಲು ಹೊಸದು ತರಿಸಬೇಕು. ಮತ್ತೆ ಚಕ್ರದ ಗೂಡಿನಿಂದ ನೋಡುವಾಗ ಎಡಗಡೆಯ ವಾಲ್ವ್ ಕವರಿನ ಹಿಂದಿನ ಮೂಲೆಯಲ್ಲಿ ಆಯಿಲ್ ಜಿನುಗಿರುವುದು ಕಂಡಿತ್ತು. ಒರೆಸಿಟ್ಟಿದ್ದೇನೆ, ಚಳಿಗಾಲಕ್ಕೆ ಮುಂಚೆ ಅದರ ಗ್ಯಾಸ್ಕೆಟ್.